ಪೆಡಲ್ ತುಳಿದು ಸಂಗೀತ ಹುಡುಕಿದ ಭಾನುವಾರ

ಕಾರ್ತೀಕ ಮಾಸದ ಒಂದು ಭಾನುವಾರ. ಬೆಳಗ್ಗೆ ಆರು ಗಂಟೆಗೆ ಜಗನ್ಮೋಹನ ಅರಮನೆ ಎದುರು ಹದಿನಾಲ್ಕು ಜನ ಸೈಕಲ್ ಹಿಡಕೊಂಡು ನಿಂತಿದ್ವಿ. ಮೈಸೂರಿನ ಸಂಗೀತ ಪರಂಪರೆಯನ್ನ ಸೈಕಲ್ ಮೇಲೆ ತೋರಿಸ್ತೀವಿ ಅಂತ ಯಾರೋ ಹೇಳಿದ್ದರು, ದುಡ್ಡೂ ಕಟ್ಟಿಸ್ಕೊಂಡಿದ್ದರು. ಅರ್ಧಕ್ಕರ್ಧ ಜನ ಬೆಂಗಳೂರಿನಿಂದ ಹಿಂದಿನ ರಾತ್ರಿಯೇ ಬಂದು ಲಾಡ್ಜಿನಲ್ಲಿದ್ದವರು. ನಾನೊಬ್ಬ ಊರವನು. ಊರವನೇ ದುಡ್ಡು ಕೊಟ್ಟು ಊರು ನೋಡೋಕೆ ಹೋಗಿದ್ದು ಯಾಕೆ ಅಂದರೆ, ನಮ್ಮ ಊರನ್ನ ಬೇರೆಯವರಿಗೆ ಹೇಗೆ ಹೇಳ್ತಾರೆ ಅಂತ ಕೇಳೋ ಕುತೂಹಲ. ಮದುವೆ ಮನೇಲಿ ನಮ್ಮ ಬಗ್ಗೆ ಪಕ್ಕದ ಸಾಲಲ್ಲಿ ಮಾತಾಡ್ತಿದ್ದರೆ ಕಿವಿ ಆ ಕಡೆ ಹೋಗಲ್ವೇ, ಹಾಗೆ.

ಮೊದಲೇ ಹೇಳಿಬಿಡ್ತೀನಿ, ನಮ್ಮನ್ನ ಕರ್ಕೊಂಡು ಹೋದ ಹುಡುಗ ಒಳ್ಳೆಯವನು. ಚೆನ್ನಾಗಿ ಓದಿಕೊಂಡಿದ್ದ, ಚುರುಕಾಗಿ ಮಾತಾಡ್ತಿದ್ದ, ಹಿಂದೆ ಬಿದ್ದವರಿಗೋಸ್ಕರ ಕಾಯ್ತಿದ್ದ. ಈ ಬರಹ ಅವನ ಮೇಲಿನ ದೂರಲ್ಲ. ಅವನ ಕೈಗೆ ನಾವೆಲ್ಲ ಸೇರಿ ಕೊಟ್ಟಿರುವ ಕಥೆಯ ಮೇಲಿನ ದೂರು.

ಕಥೆ ಹೀಗಿದೆ. ಜಗನ್ಮೋಹನ ಅರಮನೆ ಕಟ್ಟಿದ್ದು 1861ರಲ್ಲಿ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋಗಿ, ಈಗಿನ ಅರಮನೆ 1912ಕ್ಕೆ ಮುಗಿಯೋವರೆಗೂ ರಾಜಮನೆತನದ ಕಲಾಪಗಳಿಗೆಲ್ಲ ಇದೇ ಆಸರೆ. ದಸರಾ ಕಚೇರಿಗಳು ನಡೆದ ಜಾಗ. ಅಲ್ಲಿಂದ ದೊಡ್ಡ ಅರಮನೆ ಗೇಟು. ಅಲ್ಲಿ ವೈಣಿಕ ಶಿಖಾಮಣಿ ಶೇಷಣ್ಣನವರು, ವಾಸುದೇವಾಚಾರ್ಯರು, ಹೊರಗಿನಿಂದ ಬಂದು ನಾಲ್ವಡಿಯವರ ಆಸ್ಥಾನದಲ್ಲಿ ನೆಲೆಸಿ ಚಾಮುಂಡೇಶ್ವರಿ ಮೇಲೆ ಕನ್ನಡದಲ್ಲಿ 108 ಕೃತಿ ಕಟ್ಟಿದ ಮುತ್ತಯ್ಯ ಭಾಗವತರು. ಆಮೇಲೆ ಜಯಚಾಮರಾಜ ಒಡೆಯರು. ಇಲ್ಲಿ ಹುಡುಗನಿಗೆ ಹುಮ್ಮಸ್ಸು ಬಂತು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯಮೇಳದ ಮೊದಲ ಅಧ್ಯಕ್ಷರು ನಮ್ಮ ಮಹಾರಾಜರು. ರಷ್ಯಾದ ಮೆಟ್ನರ್ ಅನ್ನೋ ಸಂಗೀತಗಾರ ಲಂಡನ್ನಿನಲ್ಲಿ ಕೈಖಾಲಿಯಾಗಿ ಕೂತಿದ್ದಾಗ ದುಡ್ಡು ಕೊಟ್ಟು ರೆಕಾರ್ಡ್ ಮಾಡಿಸಿದವರು. ಆತ ತನ್ನ ಮೂರನೇ ಪಿಯಾನೋ ಕಂಚೆರ್ಟೊವನ್ನ ಇವರಿಗೆ ಅರ್ಪಿಸಿದ. 1950ರಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಸಿದ್ದರ ಹಿಂದೆ ಮೈಸೂರಿನ ದುಡ್ಡಿತ್ತು. ಎಲ್ಲ ನಿಜ. ಬೆಂಗಳೂರಿನವರು ಬಾಯಿ ಬಿಟ್ಕೊಂಡು ಕೇಳಿದರು. ನನಗೂ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಎಂಟೂವರೆಗೆ ಸವಾರಿ ಮುಗೀತು. ಮಸಾಲೆ ದೋಸೆ ತಿನ್ನೋವಾಗ ಪಕ್ಕದಲ್ಲಿ ಕೂತಿದ್ದ ಹುಡುಗಿ, ಕಾಲೇಜಿನವಳು, ಸುಮ್ಮನೆ ಕೇಳಿದಳು. "ಅಂಕಲ್, ಮೈಸೂರು ವೀಣೆ ಮೈಸೂರು ವೀಣೆ ಅಂದರಲ್ಲ, ಅದು ಹೇಗೆ ಕೇಳಿಸುತ್ತೆ?"

ದೋಸೆ ಗಂಟಲಲ್ಲೇ ನಿಂತಿತು. ಎರಡೂವರೆ ಗಂಟೆ ಸಂಗೀತದ ಬಗ್ಗೆ ಕೇಳಿದ್ವಿ. ಒಂದು ಸ್ವರ ಕೇಳಿರಲಿಲ್ಲ. ಕೇಳಿಸಿದ್ದು ಅರಮನೆ ಪಾರಿವಾಳ, ಸಿಟಿ ಬಸ್ಸು, ನಮ್ಮದೇ ಸೈಕಲ್ ಬೆಲ್ಲು.

ನನ್ನ ತಕರಾರು ಇಲ್ಲಿಂದ ಶುರು. ಪರಂಪರೆ ನಡಿಗೆ, ಪರಂಪರೆ ಸವಾರಿ ಅಂತ ಈಗ ಎಲ್ಲ ಊರಲ್ಲೂ ನಡೆಯುತ್ತೆ, ನಡೀಲಿ. ಆದರೆ ಈ ಸವಾರಿಗಳ ವ್ಯಾಕರಣ ಬಂದಿರೋದು ಕಟ್ಟಡ ನೋಡೋರಿಂದ. ನಿಲ್ಲು, ತಲೆ ಎತ್ತು, ಇಸವಿ ಕೇಳು, ಫೋಟೋ ತಗೋ, ಮುಂದೆ ಹೋಗು. ಗುಮ್ಮಟಕ್ಕೆ, ಕಮಾನಿಗೆ ಇದು ಸರಿ. ಸಂಗೀತಕ್ಕೆ ಇದೇ ವ್ಯಾಕರಣ ಹಚ್ಚಿದರೆ ಉಳಿಯೋದು ಗೋಡೆ ಮಾತ್ರ. ಶೇಷಣ್ಣನವರು ನುಡಿಸಿದ ಹಜಾರದ ಎದುರು ನಿಂತರೆ ಶೇಷಣ್ಣನವರು ಸಿಗಲ್ಲ, ಹಜಾರ ಸಿಗುತ್ತೆ.

ಅವರು ಸಿಗೋದು ಎಲ್ಲಿ ಹಾಗಾದರೆ? ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ, ಆಮೇಲೆ ಮನೆಗೆ ಹೋಗಿ ಯೋಚನೆ ಮಾಡಿದ್ದು, ಇದು. ಶೇಷಣ್ಣನವರ ಶಿಷ್ಯರು ವೆಂಕಟಗಿರಿಯಪ್ಪನವರು. ಅವರ ಶಿಷ್ಯರು ದೊರೆಸ್ವಾಮಿ ಅಯ್ಯಂಗಾರ್ಯರು, 1997ರವರೆಗೂ ನಮ್ಮ ನಡುವೆ ಇದ್ದವರು. ಅವರ ಧ್ವನಿಮುದ್ರಣ ಬೇಕಾದಷ್ಟಿವೆ. ಅದನ್ನ ಕೇಳಿ ಹಿಂದಕ್ಕೆ ನಡೀಬೇಕು. ಮೊಮ್ಮಗನ ಮುಖ ನೋಡಿ ಅಜ್ಜನ ಮೂಗು ಊಹಿಸಿದ ಹಾಗೆ. ಅಯ್ಯಂಗಾರ್ಯರ ವೀಣೆಯಲ್ಲಿ ಒಂದೊಂದು ಮೀಟೂ ತೊಳೆದಿಟ್ಟ ಅಕ್ಕಿಯ ಹಾಗೆ ಬಿಡಿಬಿಡಿ. ಹಾಡುಗಾರರ ನೆರಳಾಗಿ ತಂತಿ ಎಳೆದೆಳೆದು ಗಂಟಲನ್ನ ಅನುಕರಿಸೋದು ವೀಣೆಗೆ ಒಂದು ದಾರಿ, ಅದೂ ದೊಡ್ಡದೇ. ಮೈಸೂರಿನ ದಾರಿ ಬೇರೆ. ಇಲ್ಲಿ ವೀಣೆ ವೀಣೆಯಾಗಿಯೇ ಇರುತ್ತೆ. ಎಡಗೈಯ ಎರಡು ಬೆರಳು ಜೋಡಿ ಎತ್ತಿನ ಹಾಗೆ ಒಟ್ಟಿಗೇ ಓಡಲ್ಲ, ಒಂದೊಂದಕ್ಕೂ ಬೇರೆ ಕೆಲಸ. ಎಳೆತ ಮಿತ, ತಾನಕ್ಕೆ ಮರ್ಯಾದೆ ಜಾಸ್ತಿ. ಗದ್ದಲ ಇಲ್ಲ. ಇದನ್ನ ಎಷ್ಟು ಮಾತಲ್ಲಿ ಹೇಳಿದರೂ ಮೂರು ನಿಮಿಷ ಕೇಳಿಸಿದ್ದಕ್ಕೆ ಸಮ ಆಗಲ್ಲ. ಎಲ್ಲರ ಜೇಬಲ್ಲೂ ಫೋನಿತ್ತು. ಅರಮನೆ ಗೇಟಿನ ಹತ್ತಿರ ಒಂದು ತಾನ ಕೇಳಿಸಿದ್ದರೆ ಮುಗೀತಿತ್ತು.

ಎರಡನೇ ತಕರಾರು ಸ್ವಲ್ಪ ಖಾರದ್ದು. ಆ ಸವಾರಿಯಲ್ಲಿ ಒಂದು ಏರನ್ನ ತಪ್ಪಿಸಿದರು. ರೈಲ್ವೆ ಸ್ಟೇಷನ್ ಕಡೆಯಿಂದ ಯಾದವಗಿರಿಗೆ ಹತ್ತೋ ಏರು. "ಅಲ್ಲಿ ಆಕಾಶವಾಣಿ ಇದೆ, ಆದರೆ ಏರು ಜಾಸ್ತಿ, ಬಿಟ್ಟುಬಿಡೋಣ" ಅಂದ ಹುಡುಗ. ಯಾರೂ ಬೇಜಾರು ಮಾಡ್ಕೊಳ್ಳಲಿಲ್ಲ, ನಾನೂ ಮಾಡ್ಕೊಳ್ಳಲಿಲ್ಲ, ಆಗಲೇ ಮೀನಖಂಡ ಹಿಡೀತಿತ್ತು. ಆದರೆ ನೋಡಿ, ಆ ಏರನ್ನ ಬಿಟ್ಟರೆ ಬಿಟ್ಟಿದ್ದೇನು? 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನೋ ಮನಃಶಾಸ್ತ್ರದ ಮೇಷ್ಟ್ರು ತಮ್ಮ ಮನೇಲಿ ಚಿಕ್ಕದೊಂದು ಟ್ರಾನ್ಸ್‌ಮಿಟರ್ ಇಟ್ಕೊಂಡು ರೇಡಿಯೋ ಶುರು ಮಾಡಿದ್ದನ್ನ. 'ಆಕಾಶವಾಣಿ' ಅನ್ನೋ ಹೆಸರು ದೇಶದ ರೇಡಿಯೋಗೆಲ್ಲ ಹೋಗಿದ್ದು ಆ ಮನೆಯಿಂದ. ಅರಮನೆಯ ದರ್ಬಾರಿನಲ್ಲಿ ಕೂತು ಕೇಳೋ ಯೋಗ್ಯತೆ ಇಲ್ಲದ ಜನ, ಅಂದರೆ ನಮ್ಮ ಅಜ್ಜಂದಿರು, ಸಂಗೀತ ಕೇಳಿದ್ದು ಹೀಗೆ. ಅಡುಗೆಮನೆಯಲ್ಲಿ, ಕಟಿಂಗ್ ಶಾಪಿನಲ್ಲಿ. ನಮ್ಮ ಮನೇಲಿ ಕಿವಿ ಅಂತ ಒಂದಿದ್ದರೆ ಅದು ಅರಮನೆಯಿಂದ ಬಂದಿದ್ದಲ್ಲ, ಆ ಏರಿನ ಮೇಲಿಂದ ಬಂದಿದ್ದು.

ಇಳಿಜಾರು ಹುಡುಕಿಕೊಂಡು ಹೋದ ಸವಾರಿ ಇನ್ನೂ ಏನೇನು ಬಿಟ್ಟಿತು ಅಂತ ಲೆಕ್ಕ ಹಾಕ್ತಾ ಹೋದೆ. ಹೆಂಗಸರು. ಎರಡೂವರೆ ಗಂಟೆಯಲ್ಲಿ ಒಬ್ಬ ಹೆಂಗಸಿನ ಹೆಸರು ಬರಲಿಲ್ಲ, ತಾಯಿ ಚಾಮುಂಡೇಶ್ವರಿ ಬಿಟ್ಟರೆ! ಜಟ್ಟಿ ತಾಯಮ್ಮನವರು ಇದೇ ಆಸ್ಥಾನದ ನರ್ತಕಿ. ಪದದ ಒಂದು ಸಾಲನ್ನ ಹಿಡಿದು ಅಭಿನಯದಲ್ಲಿ ಬಿಡಿಸ್ತಾ ಹೋಗೋದರಲ್ಲಿ ದೊಡ್ಡ ಹೆಸರು. ಅವರ ಶಿಷ್ಯೆ ವೆಂಕಟಲಕ್ಷಮ್ಮನವರು, ಅರಮನೆಯಲ್ಲಿ ಕುಣಿದು, ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿ, 1992ರಲ್ಲಿ ಪದ್ಮಭೂಷಣ ಪಡೆದವರು. ನಂಜನಗೂಡಲ್ಲಿ ಹುಟ್ಟಿ ಮೈಸೂರಲ್ಲಿ ಪಾಠ ಕಲಿತ ನಾಗರತ್ನಮ್ಮ, ಬೆಂಗಳೂರು ನಾಗರತ್ನಮ್ಮ ಅಂತ ಹೆಸರಾಗಿ ಮದರಾಸಿಗೆ ಹೋಗಿ, ತಾನು ದುಡಿದ ದುಡ್ಡನ್ನ ತಿರುವಯ್ಯಾರಿನ ತ್ಯಾಗರಾಜರ ಸಮಾಧಿಗೆ ಸುರಿದವರು. ಸಮಾಧಿಯ ಆರಾಧನೆಯಲ್ಲಿ ಹೆಂಗಸರು ಹಾಡೋ ಹಾಗಿಲ್ಲ ಅಂದಾಗ ಜಗಳ ಆಡಿ ಜಾಗ ಮಾಡಿಸಿದವರು. ದೇವದಾಸಿ ಮನೆತನ ಅಂತ ಬಾಯಿಬಿಟ್ಟು ಹೇಳೋಕೆ ನಮಗೆ ಇನ್ನೂ ಮುಜುಗರ, ಅದಕ್ಕೆ ನಕ್ಷೆಯಲ್ಲಿ ಅವರಿಗೆ ಗುರುತಿಲ್ಲ. ದರ್ಬಾರಿನ ಚಿತ್ರಪಟದಲ್ಲಿ ರಾಜ, ವಿದ್ವಾಂಸ, ಬಿರುದು, ಖಿಲ್ಲತ್ತು. ಅಷ್ಟೇ.

ಮುಂದಿನ ಭಾನುವಾರ ಒಬ್ಬನೇ ಹೊರಟೆ. ನನ್ನದು ಗೇರಿಲ್ಲದ ಹಳೇ ಸೈಕಲ್ಲು, ಚೈನು ಕಟಕಟ ಅನ್ನುತ್ತೆ. (2017ರಲ್ಲಿ ನಮ್ಮೂರಲ್ಲಿ ಬಾಡಿಗೆ ಸೈಕಲ್ ಯೋಜನೆ ಶುರುವಾದಾಗ ಅದಕ್ಕೆ 'ಟ್ರಿಣ್ ಟ್ರಿಣ್' ಅಂತ ಹೆಸರಿಟ್ಟರು. ಸೈಕಲ್ಲಿಗೆ ಅದರ ಸದ್ದನ್ನೇ ಹೆಸರಾಗಿ ಇಡೋಕೆ ಹೊಳೆದ ಊರಿಗೆ ಸಂಗೀತದ ಸವಾರಿಗೆ ಸದ್ದು ಬೇಕು ಅಂತ ಹೊಳೀಲಿಲ್ಲ ನೋಡಿ.) ಈ ಸಲ ನಿಯಮ ಒಂದೇ. ಕಣ್ಣಿಗೆ ಕಂಡಿದ್ದಕ್ಕೆ ನಿಲ್ಲಬಾರದು, ಕಿವಿಗೆ ಬಿದ್ದಿದ್ದಕ್ಕೆ ನಿಲ್ಲಬೇಕು.

ಸೈಕಲ್ ಬಗ್ಗೆ ಒಂದು ಒಳ್ಳೆ ಮಾತು ಇಲ್ಲೇ ಹೇಳಬೇಕು. ಕಾರಲ್ಲಿ ಕಿವಿ ಮುಚ್ಚಿರುತ್ತೆ, ಬೈಕಲ್ಲಿ ಎಂಜಿನ್ ತುಂಬಿರುತ್ತೆ. ನಡ್ಕೊಂಡು ಹೋದರೆ ಒಂದು ಬಡಾವಣೆಗೆ ಬೆಳಗ್ಗೆ ಮುಗಿದುಹೋಗುತ್ತೆ. ಸೈಕಲ್ಲಲ್ಲಿ ಮಾತ್ರ ಊರಿನ ಸದ್ದು ಒಂದರ ಬಾಲ ಹಿಡಿದು ಇನ್ನೊಂದು ಬರುತ್ತೆ. ಆದರೆ ಎಂಟು ಗಂಟೆ ಒಳಗೆ ಮುಗಿಸಬೇಕು. ಆಮೇಲೆ ಸಯ್ಯಾಜಿರಾವ್ ರಸ್ತೆಯಲ್ಲಿ ಕಿವಿ ಅಲ್ಲ, ಜೀವ ಉಳಿಸ್ಕೊಂಡರೆ ಸಾಕು.

ಹಳೇ ಊರಿನ ಕಡೆ ಬಿಡಾರಂ ಕೃಷ್ಣಪ್ಪನವರ ರಾಮಮಂದಿರಕ್ಕೆ ಹೋದೆ. ಹಿಂದಿನ ವಾರ ಇದೂ ಇರಲಿಲ್ಲ. ಈ ಊರಿನ ಸಂಗೀತದಲ್ಲಿ ನನಗೆ ತುಂಬ ಇಷ್ಟದ ಕಟ್ಟಡ ಇದು, ಯಾಕೆಂದರೆ ಇದನ್ನ ರಾಜ ಕಟ್ಟಲಿಲ್ಲ, ಹಾಡುಗಾರ ಕಟ್ಟಿದ. ಹಾಡಿ ಸಂಪಾದಿಸಿದ್ದನ್ನ ಹಾಕಿ ಕಟ್ಟಿಸಿದ ಮಂದಿರ. ಕೃಷ್ಣಪ್ಪನವರ ಶಿಷ್ಯರೇ ಪಿಟೀಲು ಚೌಡಯ್ಯನವರು, ತಿರುಮಕೂಡಲಿನವರು. ಮೈಕು ಇಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೇ ಸಾಲಿಗೂ ಕೇಳಿಸಲಿ ಅಂತ ನಾಲ್ಕು ತಂತಿಯಲ್ಲಿ ಮೂರನ್ನ ಜೋಡಿ ಮಾಡಿ ಏಳು ತಂತಿಯ ಪಿಟೀಲು ಮಾಡ್ಕೊಂಡವರು. ಶಿಷ್ಯನ ಹೆಸರಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ್ದೇ ಸಭಾಂಗಣ ಇದೆ, ಜನ ಎದುರು ನಿಂತು ಫೋಟೋ ತೆಗೆಸ್ಕೊಳ್ತಾರೆ. ಗುರುವಿನ ಮಂದಿರ ಮಂದಿರದ ಆಕಾರದಲ್ಲೇ ಇದೆ, ಅದಕ್ಕೆ ಸವಾರಿಯವರು ನಿಲ್ಲಲ್ಲ. ನಾನು ಹೋದಾಗ ಒಳಗೆ ಪೂಜೆ ನಡೀತಿತ್ತು. ಹಾಡೇನೂ ಇರಲಿಲ್ಲ, ಗಂಟೆ ಒಂದು ಹೊಡೀತು. ಗಂಟೆಯೂ ಸದ್ದೇ ಅಲ್ವಾ ಅಂತ ಲೆಕ್ಕಕ್ಕೆ ತಗೊಂಡೆ.

ಅಲ್ಲಿಂದ ಏರು ಹತ್ತಿದೆ. ಅರ್ಧದಲ್ಲಿ ಇಳಿದು ತಳ್ಳಿದೆ ಅನ್ನೋದನ್ನೂ ಬರೆದುಬಿಡ್ತೀನಿ. ಮೇಲೆ ಆರ್.ಕೆ. ನಾರಾಯಣ್ ಮನೆ ಸಿಕ್ಕಿತು. ಕೆಡವೋಕೆ ಹೊರಟಿದ್ದನ್ನ ಜನ ಗಲಾಟೆ ಮಾಡಿ ತಡೆದು, ಈಗ ಅದು ಸಂಗ್ರಹಾಲಯ. ಕತೆಗಾರನ ಕೋಟು, ಪುಸ್ತಕ ಗಾಜಿನೊಳಗೆ ಇಡಬಹುದು. ವೈಣಿಕನ ತಾನವನ್ನ ಯಾವ ಗಾಜಿನಲ್ಲಿ ಇಡ್ತೀರಿ?

ಅಲ್ಲಿಂದ ಒಂಟಿಕೊಪ್ಪಲಿನ ಕಡೆ ಇಳಿದೆ. ಎಂಟನೇ ಕ್ರಾಸಿನ ಗಣೇಶೋತ್ಸವದ ಕಚೇರಿ ಗೊತ್ತಲ್ಲ ನಿಮಗೆ? ಬೀದಿಗೆ ಚಪ್ಪರ ಹಾಕಿ, ದೇಶದ ದೊಡ್ಡ ದೊಡ್ಡ ವಿದ್ವಾಂಸರನ್ನ ಕರೆಸಿ, ದಿನಾ ಸಾಯಂಕಾಲ ಕಚೇರಿ. ಒಳಗೆ ಕುರ್ಚಿ ಸಿಕ್ಕದವರು ಯಾರದೋ ಮನೆ ಜಗಲಿ ಮೇಲೆ, ಕಾಂಪೌಂಡ್ ಮೇಲೆ. ನಾನು ಚಿಕ್ಕವನಿದ್ದಾಗ ನಮ್ಮಪ್ಪ ಸೈಕಲ್ ಬಾರಿನ ಮೇಲೆ ನನ್ನನ್ನ ಕೂರಿಸ್ಕೊಂಡು ಹೋಗಿ, ಸೈಕಲ್ಲಿಗೆ ಒರಗಿಕೊಂಡೇ ನಿಂತು ಕೇಳ್ತಿದ್ದರು. ತನಿ ಆವರ್ತನ ಬಂದಾಗ ಜನ ಏಳ್ತಿದ್ದರು, ಅಪ್ಪ ಮಾತ್ರ ಹ್ಯಾಂಡಲ್ ಮೇಲೆ ತಾಳ ಹಾಕ್ತಾ ನಿಂತಿರೋರು. ಕಾರ್ತೀಕದಲ್ಲಿ ಹೋದರೆ ಅದು ಖಾಲಿ ಬೀದಿ. ಒಂದು ನಾಯಿ, ಎರಡು ಸ್ಕೂಟರ್. ಕಟ್ಟಡ ನೋಡೋರಿಗೆ ತೋರಿಸೋಕೆ ಇಲ್ಲಿ ಏನೂ ಇಲ್ಲ. ವರ್ಷಕ್ಕೆ ಕೆಲವು ದಿನ ಮಾತ್ರ ಎದ್ದು ನಿಂತು ಮತ್ತೆ ಬಿಚ್ಚಿಹೋಗೋ ಪರಂಪರೆ ಇದು.

ಅಲ್ಲೇ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ ಕಡೆಗೂ ಕೇಳಿಸಿತು. ಸರಳೆ ವರಸೆ, ಮಾಯಾಮಾಳವಗೌಳ, ವೀಣೆಯಲ್ಲಿ. ಯಾರೋ ಚಿಕ್ಕ ಮಗು, ನಿಷಾದ ಹತ್ತೋವಾಗ ಪ್ರತಿ ಸಲ ತಪ್ಪುತಿತ್ತು. ಗೇಟಿನ ಹತ್ತಿರ ನಿಂತೆ. ಪಾಠ ಹೇಳ್ತಿದ್ದ ದನಿ ಗೊತ್ತಿರೋದು. ನಮ್ಮಕ್ಕನಿಗೆ ಮೂವತ್ತು ವರ್ಷದ ಹಿಂದೆ ಪಾಠ ಹೇಳಿಕೊಟ್ಟ ಟೀಚರ್! ಮನೆ ಬದಲಾಯಿಸಿದ್ದು ಗೊತ್ತಿರಲಿಲ್ಲ. ಮಗು ಹೋದ ಮೇಲೆ ಒಳಗೆ ಕರೆದು ಕಾಫಿ ಕೊಟ್ಟರು. ಎರಡು ಭಾನುವಾರದ ಪುರಾಣ ಎಲ್ಲ ಹೇಳಿದೆ. ರಾಜರ ಕಥೆ ಜಾಸ್ತಿ ಆಯ್ತು ಟೀಚರ್, ಸವಾರಿ ನಿಲ್ಲಬೇಕಾಗಿದ್ದು ಇಂಥ ಮನೆ ಮುಂದೆ ಅಂದೆ. ನಾನು ಹೇಳಿದ್ದು ಭಾರಿ ಸರಿ ಅಂತ ನನಗೇ ಅನ್ನಿಸಿತ್ತು.

"ಬೇಡಪ್ಪಾ," ಅಂದರು. "ಹದಿನಾಲ್ಕು ಜನ ಟೋಪಿ ಹಾಕ್ಕೊಂಡು ಗೇಟಲ್ಲಿ ನಿಂತ್ರೆ ಆ ಮಗು ಇನ್ನೊಂದು ದಿನ ಪಾಠಕ್ಕೆ ಬರಲ್ಲ. ತಪ್ಪು ನುಡಿಸೋಕೆ ಒಂದು ಮರೆ ಬೇಕಲ್ಲ?"

ನಾನು ಸುಮ್ಮನಾದೆ. ಅವರು ಬಿಡಲಿಲ್ಲ.

"ಮತ್ತೆ ರಾಜರನ್ನ ಯಾಕೆ ಅಷ್ಟು ಬೈತೀಯ? ಅವರು ಸಂಬಳ ಕೊಟ್ರು. ಶೇಷಣ್ಣನವರು ಮನೆಮನೆಗೆ ಹೋಗಿ ಫೀಸು ಕೇಳಬೇಕಾಗಿತ್ತಾ? ಈಗ ಈ ವೀಣೆಗೆ ಮೇಣ ತೆಗೆದು ಇಪ್ಪತ್ನಾಲ್ಕು ಮೆಟ್ಟಿಲೂ ಹೊಸದಾಗಿ ಕೂರಿಸಬೇಕು. ಆ ಕೆಲಸ ನೆಟ್ಟಗೆ ಬರೋರು ಎಷ್ಟು ಜನ ಇದಾರೆ ಹೇಳು? ಬೇಸಿಗೆ ಬಂದ್ರೆ ಮೇಣ ಮೆತ್ತಗಾಗಿ ಸ್ವರ ಕದಲತ್ತೆ. ಬರ್ತೀನಿ ಅಂದೋರು ಮೂರು ತಿಂಗಳಿಂದ ಬಂದಿಲ್ಲ. ನೀನು ಪರಂಪರೆ ಅಂತೀಯ. ನನಗೆ ಮೇಣದೋರು ಬೇಕು."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಪೋಷಣೆ ಬೇಕು ಅನ್ನೋದು ನಿಜ. ಅರಮನೆ ಹೋದ ಮೇಲೆ ಸಭೆಗಳು ಬಂದವು, ಜೆಎಲ್‌ಬಿ ರಸ್ತೆಯ ನಾದಬ್ರಹ್ಮ ಸಂಗೀತ ಸಭೆ, ಕುವೆಂಪುನಗರದ ಗಾನಭಾರತಿ. ಗಾನಭಾರತಿಯವರ ಭವನಕ್ಕೆ ವೀಣೆ ಶೇಷಣ್ಣನವರದ್ದೇ ಹೆಸರು, ಅಲ್ಲಿ ನಿಜವಾಗಿ ವೀಣೆ ಕೇಳಿಸುತ್ತೆ ಅನ್ನೋದು ಸಮಾಧಾನ. ಆದರೂ ಒಂದು ಮಾತು ಟೀಚರ್ ಹತ್ತಿರ ವಾದ ಮಾಡಬಹುದಾಗಿತ್ತು, ಕಾಫಿ ಕುಡಿದ ಮನೇಲಿ ಮಾಡಲಿಲ್ಲ, ಇಲ್ಲಿ ಮಾಡ್ತೀನಿ. ರಾಜರು ಕೊಟ್ಟಿದ್ದನ್ನ ಮರೀಬೇಡಿ ಸರಿ. ಆದರೆ ಕೊಟ್ಟವರ ಹೆಸರು ಹೇಳಿ, ಕೊಟ್ಟಿದ್ದು ಏನು ಅಂತ ಕೇಳಿಸದೇ ಇದ್ದರೆ ಅದು ರಾಜರಿಗೂ ಮಾಡಿದ ಉಪಕಾರ ಅಲ್ಲ. ಜಯಚಾಮರಾಜ ಒಡೆಯರು ಮೆಟ್ನರನ ರೆಕಾರ್ಡಿಗೆ ದುಡ್ಡು ಸುರಿದಿದ್ದು ಮುಂದೆ ಯಾರೋ ತಮ್ಮ ಗೇಟಿನ ಮುಂದೆ ನಿಂತು ಆ ವಿಷಯ ಹೇಳಲಿ ಅಂತ ಅಲ್ಲ, ಮೆಟ್ನರನ್ನ ಜನ ಕೇಳಲಿ ಅಂತ. ಅವರೇ ಬರೆದ ತೊಂಬತ್ನಾಲ್ಕು ಕೃತಿಗಳಲ್ಲಿ ಒಂದನ್ನಾದರೂ ನಾವು ಆ ಗೇಟಿನ ಮುಂದೆ ಗುನುಗಬಹುದಾಗಿತ್ತು.

ವಾಸುದೇವಾಚಾರ್ಯರು 'ನಾ ಕಂಡ ಕಲಾವಿದರು' ಅಂತ ಪುಸ್ತಕ ಬರೆದರು. ಸವಾರಿಯ ಕಥೆಗಳಲ್ಲಿ ಅರ್ಧ ಅದರಿಂದ ಇಳಿದು ಬಾಯಿಂದ ಬಾಯಿಗೆ ಬಂದವು ಅಂತ ನನ್ನ ಅನುಮಾನ. ಆದರೆ ಆಚಾರ್ಯರು ಸ್ವತಃ ಹಾಡುಗಾರರು, ವಾಗ್ಗೇಯಕಾರರು. ಅವರು 'ಕಂಡ' ಅಂತ ಬರೆದಿದ್ದರೂ ಅದರೊಳಗೆ ಕೇಳಿದ್ದು ತುಂಬಿಕೊಂಡಿತ್ತು. ನಾವು ಕಂಡಿದ್ದನ್ನ ಮಾತ್ರ ಉಳಿಸ್ಕೊಂಡು ಹೊರಟಿದೀವಿ.

ಸವಾರಿ ನಡೆಸೋ ಹುಡುಗನಿಗೆ ಇಷ್ಟನ್ನೆಲ್ಲ ಫೋನ್ ಮಾಡಿ ಹೇಳಿದೆ, ಇಷ್ಟು ಖಾರವಾಗಿ ಅಲ್ಲ. ಸಮಾಧಾನವಾಗಿ ಕೇಳಿಸ್ಕೊಂಡ. ಅರಮನೆ ಎದುರು ಅಯ್ಯಂಗಾರ್ಯರ ವೀಣೆ ಹಾಕ್ತೀನಿ ಸರ್ ಅಂದ, ರಾಮಮಂದಿರ ಸೇರಿಸ್ತೀನಿ ಅಂದ, ತಾಯಮ್ಮನವರ ಬಗ್ಗೆ ಯಾವ ಪುಸ್ತಕ ಓದಬೇಕು ಅಂತ ಕೇಳಿ ಬರ್ಕೊಂಡ. ಏರಿನ ವಿಷಯಕ್ಕೆ ಬಂದಾಗ ಮಾತ್ರ ರಾಗ ಎಳೆದ. "ಜನ ಹತ್ತಲ್ಲ ಸರ್."

ತಳ್ಳಿಕೊಂಡು ಹೋಗಲಿ ಅಂದೆ. ನಾನೂ ತಳ್ಳಿದ್ದೇ.

ಮೇಣದ ಕೆಲಸದವರ ನಂಬರ್ ಒಂದು ಸಿಕ್ಕಿತು. ಟೀಚರ್‌ಗೆ ಕೊಟ್ಟಿದೀನಿ. ಸಂಕ್ರಾಂತಿ ಕಳೆದ ಮೇಲೆ ಬರ್ತೀನಿ ಅಂದಿದಾರಂತೆ.